ಚುಕ್ಕಪ್ಪ, ತಣ್ಣವ್ವ ಮತ್ತು ಒಂದು ಮೊಳ ಗೋಡೆ

ಪಾಪಾಸುಕಳ್ಳಿಯ ಹಲಗೆಯನ್ನು ಎಡಗೈಯ ಬಟ್ಟೆಯಲ್ಲಿ ಹಿಡಿದು, ಬಲಗೈಯ ತೆಂಗಿನ ನಾರಿನಿಂದ ಮುಳ್ಳನ್ನೆಲ್ಲ ಒಂದೇ ದಿಕ್ಕಿಗೆ ಉಜ್ಜಿ ಉದುರಿಸಿದೆ. ಆಮೇಲೆ ಬೆರಳಿನಿಂದ ಸವರಿ ನೋಡಿದೆ. ಒಂದು ಮುಳ್ಳು ಉಳಿದಿತ್ತು. ಅದನ್ನು ಹಲ್ಲಿನಲ್ಲಿ ಕಿತ್ತು ಉಗಿದೆ. ಹಲಗೆಯನ್ನು ನಾಲ್ಕು ತುಂಡು ಮಾಡಿ ಚುಕ್ಕಪ್ಪನ ಮುಂದಿಟ್ಟು, ಮೂರು ಹೆಜ್ಜೆ ಹಿಂದೆ ಸರಿದು ಕುಕ್ಕರುಗಾಲಿನಲ್ಲಿ ಕುಳಿತೆ. ಒಳಗೆ ಅಪ್ಪ ಅರಳೆ ಹಿಂಜುವ ಬಿಲ್ಲನ್ನು ಮುಟ್ಟದೆ ಕಾಯುತ್ತಿದ್ದ. ಪಕ್ಕದ ಮನೆಯಲ್ಲೂ ಸದ್ದಿರಲಿಲ್ಲ. ನಮ್ಮೂರಿನಲ್ಲಿ ಆಮೆ ಉಣ್ಣುವಾಗ ಯಾರೂ ಮಾತಾಡುವುದಿಲ್ಲ.

ಚುಕ್ಕಪ್ಪ ನಮ್ಮ ಮನೆಯ ನಕ್ಷತ್ರ ಆಮೆ. ಬೆನ್ನ ಮೇಲೆ ಹಳದಿ ಗೆರೆಗಳ ಹದಿಮೂರು ಚುಕ್ಕಿ. ಅವನು ಕೊನೆಯ ತುಂಡನ್ನು ನುಂಗಿ ಕತ್ತು ಚಾಚಿದ ಮೇಲೆಯೇ ನಮ್ಮ ತೊಟ್ಟಿಗೆ, ಅಂದರೆ ಮನೆ ನಡುವಿನ ತೆರೆದ ಅಂಗಳಕ್ಕೆ, ಬಿಸಿಲು ಬೀಳುತ್ತಿತ್ತು. ಬಿದ್ದ ಕೂಡಲೇ ಅಪ್ಪನ ಬಿಲ್ಲು ಟಂಯ್ ಎನ್ನುತ್ತಿತ್ತು, ಪಕ್ಕದ ಸಾಕವ್ವ ಗೋಡೆಯಾಚೆಯಿಂದ, "ದೇವೀರೀ, ನಿಮ್ ಬಿಸ್ಲಲ್ಲಿ ವಸಿ ಜಾಗ ಕೊಡೆ, ಹಪ್ಳ ಒತ್ತಿದೀನಿ" ಎಂದು ನನ್ನನ್ನು ಕೂಗುತ್ತಿದ್ದಳು. ಅವಳ ಮನೆಯ ಆಮೆ ಮುದಿಯಾಗಿ ಅರೆಬಿಸಿಲು ಮಾತ್ರ ಕೊಡುತ್ತಿತ್ತು. ಬೀದಿಯಲ್ಲಂತೂ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಮೇಲೆ ಅಕ್ಕಿ ತೊಳೆದ ನೀರಿನಂಥ ಆಕಾಶ. ಹವೆ ಬೇಕಾದವರು ಯಾರದಾದರೂ ಮನೆಯೊಳಗೆ ಹೋಗಬೇಕು.

ನಮ್ಮದು ಒಣಬೀದಿ. ಸಾಲಾಗಿ ನಕ್ಷತ್ರ ಆಮೆಯ ಮನೆಗಳು. ಹಪ್ಪಳ, ಸಂಡಿಗೆ, ಅರಳೆ, ಬಣ್ಣದ ನೂಲು, ಒಣಗಬೇಕಾದ ಎಲ್ಲ ಕಸುಬೂ ಇಲ್ಲಿ. ಬಾವಿ ದಾಟಿದರೆ ಹಸಿಬೀದಿ. ಅಲ್ಲಿ ಕಾಡಾಮೆಯ ಮನೆಗಳು. ತೊಟ್ಟಿಗಳಲ್ಲಿ ದಿನವೂ ಹನಿ, ಗೋಡೆಯ ತುಂಬ ಪಾಚಿ, ವೀಳ್ಯದೆಲೆಯವರು, ಜೊಂಡಿನ ಚಾಪೆಯವರು. ಒಣಬೀದಿಯವರು ಒಣಬೀದಿಯಲ್ಲಿ, ಹಸಿಬೀದಿಯವರು ಹಸಿಬೀದಿಯಲ್ಲಿ ಹೆಣ್ಣು ತರುತ್ತಾರೆ. ಏಕೆಂದರೆ ಹೆಣ್ಣು ತನ್ನ ಆಮೆಯನ್ನು ಬಿದಿರಿನ ತವರುಬುಟ್ಟಿಯಲ್ಲಿ ಹೊತ್ತು ತರುತ್ತಾಳೆ, ಆ ಎರಡು ಆಮೆಗಳು ಒಂದೇ ತೊಟ್ಟಿಯಲ್ಲಿ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಕೂಡಿ ಬಾಳಬೇಕು. ಅಲ್ಲಿಯವರೆಗೆ ಬುಟ್ಟಿ ಬಾಗಿಲ ಮೊಳೆಗೆ ನೇತಾಡುತ್ತದೆ. ಕೊನೆಯ ದಿನ ನೋಟದ ಈರಜ್ಜಿ ಬಂದು ನೋಡುತ್ತಾಳೆ. ಕೂಡಿವೆ ಎಂದರೆ ಬುಟ್ಟಿ ಈರುಳ್ಳಿ ತುಂಬುವುದಕ್ಕೆ ಅಡುಗೆಮನೆಗೆ ಹೋಗುತ್ತದೆ. ಕೂಡಿಲ್ಲ ಎಂದರೆ ಅದೇ ಬುಟ್ಟಿಯನ್ನು ಹೆಣ್ಣಿನ ಕೈಗೆ ಕೊಡುತ್ತಾಳೆ. ಅಷ್ಟೆ, ಮಾತೇನೂ ಇರುವುದಿಲ್ಲ.

ಹಾಗಿರುವಾಗ ನಮ್ಮಪ್ಪ ಹಸಿಬೀದಿಯಿಂದ ಹೆಣ್ಣು ತಂದ.

ಅಮ್ಮ ಸತ್ತು ಎಂಟು ವರ್ಷ. ಆಗ ನಾನು ಆರನೆಯ ತರಗತಿ. ತೊಟ್ಟಿ ನೋಡಿಕೊಳ್ಳುವವರಿಲ್ಲ ಎಂದು ಶಾಲೆ ಬಿಟ್ಟೆ. ಬಿಟ್ಟದ್ದಕ್ಕೆ ಅಳು ಬರಲಿಲ್ಲ. ಅಲ್ಲಿ ಉತ್ತರ ಗೊತ್ತಿದ್ದರೂ ಎದ್ದು ಹೇಳಲಾಗದೆ ಕಾಲಿನ ಹೆಬ್ಬೆರಳು ನೋಡುತ್ತ ನಿಲ್ಲುತ್ತಿದ್ದೆ. ಆಮೆಯ ಮುಂದೆ ಮಾತು ಬೇಕಿಲ್ಲ, ಕಣ್ಣು ಸಾಕು. ಅಪ್ಪ ಮಂಚಯ್ಯನಿಗೆ ಹಾಸಿಗೆ ಕಸುಬು. ಅರಳೆ ಹಿಂಜಿ ಹಿಂಜಿ ಅದರ ಧೂಳು ಎದೆಯಲ್ಲಿ ಕೂತು ಕೆಮ್ಮು ಹಿಡಿದಿತ್ತು. ಹಾಸಿಗೆ ಕೊಡಲು ಹಸಿಬೀದಿಗೆ ಹೋದಾಗೆಲ್ಲ ಚಾಪೆಯ ಹೊಂಬಾಳಮ್ಮನ ತೊಟ್ಟಿಯ ಅಂಚಿನಲ್ಲಿ ಕೂತು ಬರುತ್ತಿದ್ದ. ಅಲ್ಲಿನ ತೇವಕ್ಕೆ ಕೆಮ್ಮು ಅಡಗುತ್ತಿತ್ತು. ಹೊಂಬಾಳಮ್ಮನೂ ಗಂಡನಿಲ್ಲದವಳು. ಹೆಣೆದ ಚಾಪೆ ಒಣಗಿಸಲು ನಮ್ಮ ಮನೆಯ ಬಿಸಿಲಿಗೆ ಬರುವಳು. ಅವಳು ಬಿಸಿಲಿಗೆ ಬಂದು, ಅವನು ತೇವಕ್ಕೆ ಹೋಗಿ, ಎರಡು ವರ್ಷ ಆದಮೇಲೆ ಒಂದು ದಿನ ಅಪ್ಪ ನನ್ನ ಮುಖ ನೋಡದೆ ಅರಳೆಗೆ ಹೇಳುವಂತೆ ಹೇಳಿದ: "ಆಯಮ್ಮನ್ನ ಇಲ್ಲಿಗೇ ಕರ್ಕೊಂಬಂದ್ರೆ ಹೆಂಗೆ, ಮಗ?" ನನಗೆ ಕುಣಿಯುವಷ್ಟು ಖುಷಿ. ಅವಳು ಬಂದಾಗೆಲ್ಲ ನನ್ನ ಜಡೆ ಬಿಚ್ಚಿ ಜೊಂಡು ಹೆಣೆದಂತೆ ಒಂಬತ್ತು ಎಳೆಯಲ್ಲಿ ಹೆಣೆಯುತ್ತಿದ್ದಳು. ನಾನು ತಲೆ ಆಡಿಸಿದೆ. ಅಷ್ಟೇ ನನ್ನಿಂದ ಆದದ್ದು.

ಅವಳು ನನ್ನ ಚಿಕ್ಕಮ್ಮನಾಗಿ ಬುಟ್ಟಿ ಹೊತ್ತು ಹೊಸಲು ದಾಟಿದ ದಿನ ಒಣಬೀದಿಗೆ ಒಣಬೀದಿಯೇ ನಮ್ಮ ತೊಟ್ಟಿಯ ಸುತ್ತ ನೆರೆದಿತ್ತು. ಬುಟ್ಟಿಯಿಂದ ಇಳಿದವಳು ತಣ್ಣವ್ವ. ಕಾಡಾಮೆ, ಚಪ್ಪಟೆ ಬೆನ್ನು, ಕಂದು ಚಿಪ್ಪು, ಮುಖಕ್ಕೆ ಮಾತ್ರ ಯಾರೋ ಅರಿಸಿನ ಹಚ್ಚಿದಂತೆ ಹಳದಿ. ಅವಳು ಕಾಲು ಊರಿ ಕತ್ತು ಹೊರಗೆ ಹಾಕಿದಳೋ ಇಲ್ಲವೋ, ನಮ್ಮ ಬಿಸಿಲಿನ ನಡುವೆಯೇ ಹನಿ ಬಿತ್ತು. ಒಂದು, ಎರಡು, ಹತ್ತು, ಆಮೇಲೆ ಲೆಕ್ಕವಿಲ್ಲ. ಹುಟ್ಟಿ ಹತ್ತೊಂಬತ್ತು ವರ್ಷವಾದರೂ ನಮ್ಮ ಮನೆಯೊಳಗೆ ಮಳೆ ನಾನು ಕಂಡಿರಲಿಲ್ಲ. ಎಲ್ಲರ ಮುಂದೆ ಎಂಬುದನ್ನೂ ಮರೆತು ಹೋಗಿ ಅದರ ಕೆಳಗೆ ನಿಂತುಬಿಟ್ಟೆ. ಒಂದು ತೋಳಿಗೆ ಬಿಸಿಲು, ಒಂದು ತೋಳಿಗೆ ಮಳೆ! ಬಾಯಿ ತೆರೆದು ಕುಡಿದೆ. ಸಾಕವ್ವ ಸೆರಗು ತಲೆಗೆಳೆದುಕೊಂಡು, "ಬಿಸ್ಲು ಮಳೆ ಒಟ್ಗೆ ಬಂದ್ರೆ ಕಾಗೆಗೂ ನರಿಗೂ ಮದ್ವೆ ಅಂತಾರೆ. ಇವತ್ತು ಕಣ್ಣಾರ ಕಂಡ್ಬುಟ್ಟೆ. ಇವರಲ್ಲಿ ಕಾಗೆ ಯಾರು ನರಿ ಯಾರು ಅಂತ ನೀವೇ ಹೇಳ್ರವ್ವ" ಎಂದಳು. ಎಲ್ಲರೂ ನಕ್ಕರು. ಚಿಕ್ಕಮ್ಮನೂ ನಕ್ಕು, "ನಾನೇ ಕಾಗೆ ಕಣಕ್ಕ, ಬಣ್ಣ ನೋಡಿದ್ರೆ ತಿಳೀಕಿಲ್ವಾ? ಹಪ್ಳ ಒಣಗ್ಸುವಾಗ ಹುಷಾರಾಗಿರು" ಎಂದಳು. ಸಾಕವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಅದನ್ನು ನೋಡಿ ನನಗೆ ಇನ್ನೂ ಖುಷಿ.

ಮೂರನೆಯ ದಿನ ಚುಕ್ಕಪ್ಪ ತಣ್ಣವ್ವನ ಹಿಂದೆ ನಡೆಯತೊಡಗಿದ. ಅವಳು ಮೂಲೆಗೆ ಹೋದರೆ ಅವನೂ ಮೂಲೆಗೆ. ಅವಳು ತುಳಸಿಕಟ್ಟೆ ಸುತ್ತಿದರೆ ಅವನೂ ಸುತ್ತುವನು. ಅವಳು ಮಲಗಿದರೆ ಅವಳ ಬೆನ್ನಿಗೆ ಗದ್ದ ಊರಿ ಮಲಗುವನು. ನಮ್ಮಲ್ಲಿ ಇದಕ್ಕೆ ಹೆಜ್ಜೆ ಕೂಡುವುದು ಎನ್ನುತ್ತಾರೆ. ಈರಜ್ಜಿ ಕೊನೆಯ ದಿನ ನೋಡುವುದೂ ಅದನ್ನೇ. ಸಾಕವ್ವ ಹಪ್ಪಳ ಹರಡಲು ಬಂದವಳು ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿ ಕೂಗಿದಳು: "ಹೆಜ್ಜೆ ಕೂಡ್ತು ಕಣ್ರೋ! ಮೂರೇ ದಿನಕ್ಕೆ! ಮಂಚಯ್ಯನ ಆಮೆ ಬೇರೆ ಜಾತಿದರ ಹಿಂದೆ ಹುಚ್ಚಾಗಿ ಸುತ್ತಾ ಅದೆ!" ಜನ ಬಂದು ನೋಡಿ ಬೆಲ್ಲ ಕೊಟ್ಟು ಹೋದರು. ಅಪ್ಪ ಅರಳೆಯೊಳಗಿನಿಂದ ಹುಡುಗನಂತೆ ನಗುತ್ತ ಕೂತಿದ್ದ. ನಾನೂ ಆ ದಿನ ಬೆಲ್ಲ ತಿಂದು ನಿದ್ದೆ ಬಾರದಷ್ಟು ಹಿಗ್ಗಿದ್ದೆ. ಇನ್ನು ನಲವತ್ತೈದು ದಿನ. ಆಮೇಲೆ ಬುಟ್ಟಿ ಈರುಳ್ಳಿಗೆ, ಚಿಕ್ಕಮ್ಮ ನಮಗೆ.

ಆದರೆ ನೋಡುವುದು ನನ್ನ ಕೆಲಸ. ದಿನವೂ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ಅವನು ಅವಳ ಜೊತೆ ನಡೆಯುತ್ತಿರಲಿಲ್ಲ. ಅವಳಿಗೂ ನೆರಳಿಗೂ ನಡುವೆ ನಡೆಯುತ್ತಿದ್ದ. ಅವಳು ತನಗಿಟ್ಟ ಅಣಬೆಯ ಕಡೆ ತಿರುಗಿದರೆ ಎದುರಿಗೆ ಬಂದು ನಿಲ್ಲುತ್ತಿದ್ದ. ಚಿಪ್ಪಿನ ಮುಂಚಾಚಿನಿಂದ ಅವಳ ಹಿಂಬದಿಗೆ ಗುದ್ದುತ್ತಿದ್ದ, ಧುಪ್, ಧುಪ್, ಅಪ್ಪನ ಬಿಲ್ಲಿನ ಸದ್ದಿನಲ್ಲಿ ಯಾರಿಗೂ ಕೇಳಿಸದ ಹಾಗೆ. ಅವಳು ಕೈಕಾಲು ಒಳಗೆಳೆದುಕೊಂಡು ಕಲ್ಲಾಗುತ್ತಿದ್ದಳು. ಆಗ ಅವನು ಅವಳ ಮೇಲೆ ಗದ್ದ ಇಡುತ್ತಿದ್ದ. ಜನ ಕಂಡದ್ದು ಆ ಗದ್ದವನ್ನು. ಹಾಗಂತ ಅವನು ಕೆಡುಕನೂ ಅಲ್ಲ. ಅವನಿಗೆ ಅದು ಅವನ ಅಜ್ಜನ ಕಾಲದ ನೆಲ, ಯಾರೋ ಬಂದು ಒದ್ದೆ ಮಾಡಿದ್ದರು. ಅವಳ ಪಾಲಿನ ಬಾಳೆಹಣ್ಣು ತಿಂದು ಅವನಿಗೆ ಎರಡು ದಿನ ಭೇದಿ ಹಿಡಿಯಿತು. ಒಣ ಹುಲ್ಲು, ಕಳ್ಳಿ ತಿನ್ನುವ ಹೊಟ್ಟೆ, ಹಣ್ಣು ತಡೆಯುವುದೇ? ಆ ಎರಡು ದಿನ ನಮ್ಮ ತೊಟ್ಟಿಯಲ್ಲಿ ಬಿಸಿಲಿಗೆ ಬದಲು ಎಂಥದೋ ಅಂಟು ಸೆಕೆ. ಉಪ್ಪಿನಕಾಯಿಗೆ ಬೂಸಲು ಬಂತು. ಸಾಕವ್ವನ ಹಪ್ಪಳ ಒಂದಕ್ಕೊಂದು ಮೆತ್ತಿಕೊಂಡು ಕಂಬಳಿಯಾದವು. "ಇದೇನೇ ದೇವೀರಿ, ನಿಮ್ ಬಿಸ್ಲಿಗೆ ಜ್ವರ ಬಂದದಾ?" ಎಂದು ಅವಳು ಬೈದುಕೊಂಡು ಹೋದಳು. ಹಸಿನೆಲಕ್ಕೆ ಚುಕ್ಕಪ್ಪನ ಮೂಗಿನಲ್ಲಿ ನೆಗಡಿಯ ಗುಳ್ಳೆ ಕೂಡ ಕಾಣಿಸಿತು.

ಮಳೆ ದಿನದಿನಕ್ಕೆ ಇಳಿಯಿತು. ಹತ್ತನೆಯ ದಿನ ತುಂತುರು. ಇಪ್ಪತ್ತನೆಯ ದಿನ ಒಂದು ಮೂಲೆಯಲ್ಲಿ ಮಾತ್ರ ಹನಿ. ಮೂವತ್ತಾಗುವ ಹೊತ್ತಿಗೆ ಗಾಳಿಯಲ್ಲಿ ಒಂದಿಷ್ಟು ತಂಪು, ಅಷ್ಟೇ. ಬೀದಿಯ ಜನ, "ನೋಡ್ರಪ್ಪ, ಹೊಂದ್ಕೊಂಡ್ಬುಡ್ತು. ಹೆಣ್ಣು ಅಂದ್ರೆ ಹಂಗಿರ್ಬೇಕು, ಬಂದ ಮನೆ ಹವೆ ಕಲೀಬೇಕು" ಎಂದು ತಲೆದೂಗಿದರು. ಅಪ್ಪನ ಅರಳೆ ಮೊದಲಿನಂತೆ ಗರಿಗರಿ. ಅವನ ಕೆಮ್ಮೂ ಮೊದಲಿನಂತೆಯೇ ಹಿಂದಿರುಗಿತು. ಚಿಕ್ಕಮ್ಮನ ಜೊಂಡು ಒಣಗಿ ಕಡ್ಡಿಯಾಗಿ ಬೆರಳಲ್ಲಿ ಮುರಿಯುತ್ತಿತ್ತು. ಅವಳು ಚಾಪೆ ಹೆಣೆಯುವುದನ್ನೇ ಬಿಟ್ಟಳು. ಯಾರೂ ಇವನ್ನೆಲ್ಲ ಸೇರಿಸಿ ನೋಡಲಿಲ್ಲ.

ಮೂವತ್ತೆಂಟನೆಯ ದಿನ ಊಟಕ್ಕೆ ಕೂತಿದ್ದೆವು. ಅಣಬೆ ಸಾರು. ಅಪ್ಪ ಸೊರ್ರೆಂದು ಹೀರಿ, "ಏನೇ ಹೊಂಬಾಳಿ, ವಾರದಿಂದ ದಿನಾ ಅಣಬೆ ಸಾರು ಮಾಡ್ತಿದ್ದೀಯ. ಹಬ್ಬನಾ?" ಎಂದ. "ನಮ್ಮಣ್ಣ ತಂದುಕೊಡ್ತಾನೆ" ಎಂದು ಅವಳು ಬಗ್ಗಿ ಬಡಿಸಿದಳು. ನಾನು ತುತ್ತನ್ನು ತಟ್ಟೆಗೆ ಇಳಿಸಿದೆ. ಅವಳ ಅಣ್ಣ ತಂದುಕೊಡುವ ಅಣಬೆ ತಣ್ಣವ್ವನಿಗೆ. ಬೆಳಿಗ್ಗೆ ಇಡುತ್ತಾಳೆ, ಮಧ್ಯಾಹ್ನ ತಟ್ಟೆ ಖಾಲಿ ಇರುತ್ತದೆ, ನಾವು ಉಂಡಳು ಎಂದುಕೊಳ್ಳುತ್ತೇವೆ. ಉಣ್ಣುತ್ತಿದ್ದವರು ನಾವು. ಒಂದು ವಾರ ತಣ್ಣವ್ವನ ಹಸಿವನ್ನು ಸಾರು ಮಾಡಿ ನಾವು ಹೀರುತ್ತಿದ್ದೆವು.

ಅಪ್ಪ ಹೊರಗೆ ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಚಿಕ್ಕಮ್ಮ ಪಾತ್ರೆ ಬೆಳಗುತ್ತಿದ್ದಳು. "ಚಿಕ್ಕಮ್ಮ, ತಣ್ಣವ್ವ ಉಂಡಿಲ್ಲ" ಎಂದೆ. "ಉಣ್ತಾಳೆ ಬುಡು." "ಎಷ್ಟು ದಿನ ಆಯ್ತು?" ಅವಳು ಬೂದಿ ಕೈಯ ಬೆರಳು ಮಡಿಸಿ ಎಣಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಹದಿನಾರು. ಇನ್ನು ಹತ್ತು ದಿನ ತಡ್ಕೊಂಡ್ರೆ ಮಂಡಲ ಮುಗೀತದೆ ಕಣೆ ದೇವೀರಿ. ಉಣ್ಣಲಿಲ್ಲ ಅಂದ್ರೆ ನಾನು ಬುಟ್ಟಿ ಹೊರ್ಬೇಕು. ನಂಗೆ ಹೋಗಕ್ಕೆ ಮನಸಿಲ್ಲ." "ತಡ್ಕೊಳ್ದೆ ಹೋದ್ರೆ?" ಅವಳು ಅದೇ ಪಾತ್ರೆಯನ್ನು ಮತ್ತೆ ಬೆಳಗಿದಳು. ತಣ್ಣವ್ವ ಅವಳ ಅಜ್ಜಿಯ ಅಜ್ಜಿ ತಂದವಳು ಎಂದು ಹಿಂದೆ ಹೇಳಿದ್ದಳು.

ಹೇಳಿದರೆ ಚಿಕ್ಕಮ್ಮ ಹೋಗುತ್ತಾಳೆ. ಸುಮ್ಮನಿದ್ದರೆ ತಣ್ಣವ್ವ ಹೋಗುತ್ತಾಳೆ. ಒಂದು ಇಡೀ ದಿನ ನಾನು ಇದನ್ನೇ ಎರಡೂ ಕಡೆಯಿಂದ ತಿರುಗಿಸಿ ನೋಡಿದೆ. ಸಂಜೆ ತೊಟ್ಟಿ ಗುಡಿಸುವಾಗ ಮೊರವನ್ನು ಎರಡು ಆಮೆಗಳ ನಡುವೆ ನಿಲ್ಲಿಸಿ ಪೊರಕೆ ತರಲು ಹೋದೆ. ಬರುವಷ್ಟರಲ್ಲಿ ಚುಕ್ಕಪ್ಪ ತಣ್ಣವ್ವನನ್ನು ಮರೆತು ಬಿಸಿಲಿನ ಕಲ್ಲಿನ ಮೇಲೆ ಕಾಲು ಚಾಚಿದ್ದ. ಮೊರದ ಈಚೆ ಅರಿಸಿನದ ಮುಖ ಅರ್ಧ ಹೊರಗೆ ಬಂದಿತ್ತು. ಮೊರ ತೆಗೆದೆ. ಅವನು ಎದ್ದು ಬಂದ. ಮೊರ ಇಟ್ಟೆ. ಅವನು ನಿಂತ, ಮರೆತ, ತಿರುಗಿದ. ಕಾಣದಿದ್ದರೆ ಅವನಿಗೆ ಅವಳು ಇಲ್ಲ! ಬೇಕಾದದ್ದು ಇಷ್ಟೇ, ಒಂದು ಮೊಳ ಎತ್ತರದ, ಆಚೆ ಕಾಣದ ಗೋಡೆ. ಆದರೆ ನಮ್ಮೂರಲ್ಲಿ ತೊಟ್ಟಿಗೆ ಗೋಡೆ ಹಾಕುವುದು ಅಣ್ಣತಮ್ಮಂದಿರು ಪಾಲಾದಾಗ ಮಾತ್ರ. ತೊಟ್ಟಿಯಲ್ಲಿ ಗೋಡೆ ಎಂದರೆ ಒಡೆದ ಮನೆ.

ಮಾರನೆಯ ದಿನ ಅಪ್ಪ ಹಾಸಿಗೆ ಹೊತ್ತು ಹೊರಟಿದ್ದೇ ತಡ, ಹಿತ್ತಲಲ್ಲಿ ಬಿದ್ದ ಕೊಟ್ಟಿಗೆಯ ಇಟ್ಟಿಗೆ ಹೊತ್ತು ತಂದೆ. ಐದನೆಯ ಸಲ ತರುವಾಗ ಚಿಕ್ಕಮ್ಮ ನಡುಮನೆಯ ಕಂಬಕ್ಕೆ ಒರಗಿ ನಿಂತಿದ್ದಳು. ಏನು ಎಂದು ಕೇಳಲಿಲ್ಲ. ಸೀರೆ ಎತ್ತಿ ಕಟ್ಟಿ ಹಿತ್ತಲಿಗೆ ಹೋಗಿ ಮಣ್ಣಿಗೆ ನೀರು ಸುರಿದು ತುಳಿಯತೊಡಗಿದಳು. "ಬಂದವಳು ಗೋಡೆ ಮುಟ್ಟಬಾರ್ದು. ಮನೆ ಒಡೆದವಳು ಅಂತಾರೆ. ನೀನು ಮನೆ ಮಗಳು, ಕಟ್ಟು. ಮಣ್ಣು ತುಳಿಯಕ್ಕೆ ಯಾರ ಅಡ್ಡಿ?" ಎಂದಳು. ಅವಳು ತುಳಿದಳು, ನಾನು ಕಟ್ಟಿದೆ. ಜೀವಮಾನದಲ್ಲಿ ಗೋಡೆ ಕಟ್ಟಿದವಳಲ್ಲ; ಮೊದಲ ಸಾಲು ಹಾವಿನಂತೆ ಹೋಯಿತು. ಬಿಚ್ಚಿ, ನೂಲು ಹಿಡಿದು ಮತ್ತೆ ಇಟ್ಟೆ. ಬಾವಿ ಕಡೆಯ ನೆರಳೆಲ್ಲ ತಣ್ಣವ್ವನಿಗೆ, ಕಲ್ಲುಹಾಸೆಲ್ಲ ಚುಕ್ಕಪ್ಪನಿಗೆ. ಊಟದ ತಟ್ಟೆ ಬೇರೆ, ನೀರಿನ ಬಟ್ಟಲು ಬೇರೆ. ಒಂದು ಕಡೆ ಮುಟ್ಟಿದ ಕೈಯನ್ನು ಬೂದಿಯಲ್ಲಿ ತೊಳೆಯದೆ ಇನ್ನೊಂದು ಕಡೆ ಮುಟ್ಟುವ ಹಾಗಿಲ್ಲ ಎಂದು ನಾನೇ ಒಂದು ನೇಮ ಮಾಡಿದೆ. ಒಬ್ಬರ ಹೊಟ್ಟೆಯ ಹುಳು ಅವರಿಗೆ ಒಗ್ಗಿರಬಹುದು, ಇನ್ನೊಬ್ಬರಿಗೆ ಏಕೆ? ಕೊನೆಯ ಇಟ್ಟಿಗೆ ಕೂತಾಗ ಇಬ್ಬರೂ ಕೆಸರಿನ ಗೊಂಬೆಗಳು. ಒಬ್ಬರನ್ನೊಬ್ಬರು ನೋಡಿ ಸದ್ದಿಲ್ಲದೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು.

ಅಪ್ಪ ಬಂದವನು ಹೊಸಲಲ್ಲೇ ನಿಂತ. "ಪಾಲು ಮಾಡಿದ್ರಾ ಮನೇನ?" ಎಂದ. ಕೆಮ್ಮು ಬಂದು ಮುಂದಿನ ಮಾತು ನುಂಗಿತು. ನಾನು ಹೆಬ್ಬೆರಳು ನೋಡುತ್ತ ನಿಂತೆ. "ನಿನ್ನನ್ನೇ ಕೇಳ್ತಿರೋದು, ದೇವೀರಿ." ಅವನು ಗುದ್ದಲಿ ಹುಡುಕಲು ಹಿತ್ತಲಿಗೆ ಹೊರಟ. ಆಗಲೇ ಗೋಡೆಯ ಆಚೆ ಟಪ್ ಎಂದಿತು. ಒಂದೇ ಹನಿ. ಆಮೇಲೆ ಇನ್ನೊಂದು. ಅಪ್ಪ ಅಲ್ಲೇ ಕೂತ. ದೀಪ ಹಚ್ಚುವ ಹೊತ್ತಿಗೆ ಅರ್ಧ ತೊಟ್ಟಿಗೆ ಸಣ್ಣ ತುಂತುರು. ಅವನು ಉಸಿರನ್ನು ಆಳಕ್ಕೆ ಎಳೆದು, ಕೆಮ್ಮಿಗಾಗಿ ಕಾದು, ಬಾರದ್ದು ಕಂಡು ನನ್ನ ಕಡೆ ತಿರುಗಿದ. ಗುದ್ದಲಿಯ ಮಾತು ಎತ್ತಲಿಲ್ಲ.

ಗೋಡೆ ಎದ್ದ ನಾಲ್ಕನೆಯ ದಿನ ತಣ್ಣವ್ವ ಬಾಳೆಹಣ್ಣನ್ನು ಮೂಸಿದಳು. ಆರನೆಯ ದಿನ ನೆಕ್ಕಿದಳು. ಅಗಿದು ನುಂಗಿದ್ದು ಮಾತ್ರ ಇಲ್ಲ. ನಾನು ಉಣ್ಣು ಉಣ್ಣು ಎಂದು ಕೈಮುಗಿದು ಕೂತಿರುತ್ತಿದ್ದೆ. ಅಷ್ಟರಲ್ಲಿ ಸಾಕವ್ವ ಗೋಡೆ ನೋಡಿದಳು. ಅವಳು ನೋಡಿದರೆ ಮುಗಿಯಿತು. "ಅಯ್ಯಯ್ಯೋ, ಮಂಡಲ ಮುಗಿಯೋದ್ರೊಳಗೆ ಗೋಡೆ ಎದ್ದದಲ್ರೋ! ಈರಜ್ಜಿಗೆ ಏನಂತೀರಿ?" ಎಂದು ಅವಳು ಕೇಳಿದ್ದು ಬಾವಿಯವರೆಗೂ ಕೇಳಿಸಿತು. ಅಪ್ಪನ ಮುಖ ಸಣ್ಣಗಾಯಿತು. ನಲವತ್ತೇಳನೆಯ ದಿನ ಮಧ್ಯಾಹ್ನ ನಾನು ಕಳ್ಳಿ ಕೊಯ್ದು ಬರುವಷ್ಟರಲ್ಲಿ ಗೋಡೆಯ ನಡುವೆ ಎಂಟು ಇಟ್ಟಿಗೆ ಕಿತ್ತು ಪಕ್ಕಕ್ಕೆ ಜೋಡಿಸಿದ್ದ. ಒಬ್ಬರು ಕೂರುವಷ್ಟು ಕಂಡಿ. "ಬಾಗಿಲಿದ್ರೆ ಪಾಲು ಅಲ್ಲ ಕಣೆ. ಕೂರಕ್ಕೆ ಜಗಲಿ ಕಟ್ಟಿದೀವಿ, ಓಡಾಡಕ್ಕೆ ದಾರಿ ಬುಟ್ಟಿದೀವಿ ಅಂತೀನಿ. ನಾಳೆ ಒಂದಿನ ಸುಮ್ನಿರು, ನನ್ನವ್ವ" ಎಂದ. ಚಿಕ್ಕಮ್ಮ ಹೋಗುತ್ತಾಳೆಂಬ ಭಯ ಅವನಿಗೆ ನನಗಿಂತ ಹೆಚ್ಚಿತ್ತು. ಆ ದಿನ ಉಳಿದ ಹೊತ್ತೆಲ್ಲ ನಾನು ಕಂಡಿಗೆ ಮೊರ ಅಡ್ಡ ಹಿಡಿದು ಕಳೆದೆ.

ನಲವತ್ತೆಂಟನೆಯ ದಿನ ಈರಜ್ಜಿ ಬಂದಳು. ಹಿಂದೆ ಎರಡೂ ಬೀದಿಯ ಜನ. ಅಜ್ಜಿ ಒಣಗಿದ ಹುಣಸೆಹಣ್ಣಿನಂತಿದ್ದಳು. ಒಂದು ಮೊಣಕಾಲಿಗೆ ವಾತ, ಎಳೆದೆಳೆದು ನಡೆಯುತ್ತಿದ್ದಳು. ಬಂದವಳೇ ಬಾಗಿಲ ಮೊಳೆಯಿಂದ ತವರುಬುಟ್ಟಿ ಇಳಿಸಿ ಕೈಯಲ್ಲಿ ಹಿಡಿದಳು. ಚಿಕ್ಕಮ್ಮನ ಕಣ್ಣು ಆ ಬುಟ್ಟಿಯನ್ನು ಬಿಟ್ಟು ಕದಲಲಿಲ್ಲ. "ಇದೇನ್ಲಾ ಮಂಚ?" ಎಂದಳು ಅಜ್ಜಿ ಗೋಡೆಯನ್ನು ಕೋಲಿನಿಂದ ತಟ್ಟಿ. "ಜಗಲಿ ಅಜ್ಜಿ. ನೀವು ಕೂರಕ್ಕೆ ಅಂತ್ಲೇ." "ನನ್ನ ಕುಂಡಿಗೆ ಇಷ್ಟುದ್ದ ಜಗಲಿ ಯಾಕ್ಲಾ?" ಜನ ಗೊಳ್ಳೆಂದರು. ಅಜ್ಜಿ ಕೂತೇಬಿಟ್ಟಳು, ಒಂದು ಕಾಲು ಆಚೆ ಒಂದು ಕಾಲು ಈಚೆ ಹಾಕಿ, ಕುದುರೆ ಹತ್ತಿದವಳಂತೆ. ವಾತದ ಕಾಲು ಬಿಸಿಲ ಕಡೆಗಿತ್ತು. "ಹೂಂ, ಆಮೆ ಬುಡಿ" ಎಂದಳು.

ಅಪ್ಪ ನನ್ನ ಕೈಯಿಂದ ಮೊರ ತೆಗೆದುಕೊಂಡ. ಚುಕ್ಕಪ್ಪ ತಲೆ ಎತ್ತಿದ. ಕಂಡಿಯ ಆಚೆ ಅರಿಸಿನದ ಮುಖ ಕಂಡಿತು. ಎದ್ದ. ನಮ್ಮೂರಿನ ಜನ ಆಮೆ ಅಷ್ಟು ಬೇಗ ನಡೆದದ್ದನ್ನು ಕಂಡಿರಲಾರರು. ಕಂಡಿ ದಾಟಿ, ಅವಳ ಹಿಂದೆ ಬಿದ್ದು, ಅವಳು ಗೋಡೆಯ ಉದ್ದಕ್ಕೂ ತಪ್ಪಿಸಿಕೊಂಡು ಹೋದಂತೆ ಅವನೂ ಹೋದ. "ಹೆಜ್ಜೆ! ಹೆಜ್ಜೆ ಕೂಡ್ತು! ಗೋಡೆ ಕಟ್ಟಿದ್ರೂ ನಿಲ್ಲಲಿಲ್ಲ ನೋಡ್ರೋ ಪ್ರೀತಿ!" ಎಂದು ಸಾಕವ್ವ ಚಪ್ಪಾಳೆ ತಟ್ಟಿದಳು. ಜನರೆಲ್ಲ ತಟ್ಟಿದರು. ಅಪ್ಪನ ಕಣ್ಣಲ್ಲಿ ನೀರು. ಗೆದ್ದಿದ್ದೆವು. ಈರಜ್ಜಿ ಬುಟ್ಟಿಯನ್ನು ಅಡುಗೆಮನೆಯ ಕಡೆ ಚಾಚುವವಳಿದ್ದಳು. ಸುಮ್ಮನಿದ್ದಿದ್ದರೆ ಚಿಕ್ಕಮ್ಮ ನಮಗೆ ಉಳಿಯುತ್ತಿದ್ದಳು, ತಣ್ಣವ್ವ ಇನ್ನೆಷ್ಟು ದಿನವೋ.

ಧುಪ್. ತಣ್ಣವ್ವ ಕಲ್ಲಾದಳು. ಮಳೆ ನಿಂತಿತು. ಹಗ್ಗ ಕತ್ತರಿಸಿದಂತೆ ನಿಂತಿತು.

"ಅದು ಪ್ರೀತಿ ಅಲ್ಲ." ಯಾರು ಹೇಳಿದರೆಂದು ನಾನೂ ಒಂದು ಗಳಿಗೆ ಹುಡುಕಿದೆ. ಹೇಳಿದವಳು ನಾನೇ. ಎಲ್ಲರ ಮುಖ ನನ್ನ ಕಡೆ ತಿರುಗಿತ್ತು. ಮೈಯೆಲ್ಲ ಬೆಂಕಿಯಾಯಿತು. ಆದರೆ ಹೆಬ್ಬೆರಳು ನೋಡಲು ಪುರುಸೊತ್ತಿರಲಿಲ್ಲ. ಹೋಗಿ ಚುಕ್ಕಪ್ಪನನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕಲ್ಲುಹಾಸಿಗೆ ಬಿಟ್ಟೆ, ಬೂದಿಗೆ ಕೈ ಅದ್ದಿ ತೊಳೆದೆ, ಬಂದು ಕಂಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಕಂಡಿ ನನ್ನ ಅಳತೆಗೇ ಕಿತ್ತಂತಿತ್ತು. "ಅವನು ಅವಳನ್ನ ಉಣ್ಣಕ್ಕೆ ಬಿಡಲ್ಲ. ಇಪ್ಪತ್ತಾರು ದಿನ ಆಯ್ತು ಅವಳು ಉಂಡು. ಅವಳ ಅಣಬೆ ನಾವು ತಿಂದ್ವಿ. ಮಳೆ ಹೋದದ್ದು ಹೊಂದ್ಕೊಂಡು ಅಲ್ಲ, ಹಸಿವಿಗೆ. ಇಬ್ಬರೂ ಒಳ್ಳೆಯವರೇ. ಅವನಿಗೆ ಒಣನೆಲ ಬೇಕು, ಅವಳಿಗೆ ಹಸಿನೆಲ ಬೇಕು, ಒಬ್ಬರಿಗೊಬ್ಬರು ಕಾಣಬಾರ್ದು. ಒಂದೇ ಮನೇಲಿ ಇರಬಹುದು. ನಾನು ನೋಡಿದೀನಿ. ನಾನು ದಿನಾ ನೋಡಿದೀನಿ." ನನ್ನ ಧ್ವನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಹೇಳುತ್ತ ಹೇಳುತ್ತ ಹೆದರಿಕೆ ಎತ್ತಲೋ ಹೋಗಿ, ಅಂದು ಮಳೆಯ ಕೆಳಗೆ ನಿಂತಾಗಿನ ಆ ಖುಷಿಯೇ ಎದೆಯಲ್ಲಿ ಏರುತ್ತಿತ್ತು.

ಬೆನ್ನಿಗೆ ಧುಪ್ ಎಂದು ಬಿತ್ತು. ಚುಕ್ಕಪ್ಪ ಮತ್ತೆ ಬಂದಿದ್ದ. ಇನ್ನೊಂದು ಗುದ್ದು. "ಅಜ್ಜಿ, ನೋಡಿ, ನನ್ನನ್ನೂ ಪ್ರೀತಿ ಮಾಡ್ತಿದಾನೆ" ಎಂದೆ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಈರಜ್ಜಿ ನಗಲಿಲ್ಲ. ಬಗ್ಗಿ ಅವನ ಚಿಪ್ಪಿನ ಮುಂಚಾಚನ್ನು, ನನ್ನ ಬೆನ್ನನ್ನು, ಕಲ್ಲಾದ ತಣ್ಣವ್ವನನ್ನು ಒಂದಾದ ಮೇಲೊಂದು ನೋಡಿದಳು. ಮೂರನೆಯ ಗುದ್ದಿನ ಮೇಲೆ ಚುಕ್ಕಪ್ಪ ಸೋತು, ನನ್ನನ್ನು ಗೋಡೆ ಎಂದುಕೊಂಡು, ಮರೆತು, ತಿರುಗಿ ತನ್ನ ಬಿಸಿಲಿಗೆ ಹೋದ. "ಎಷ್ಟು ಜನಕ್ಕೆ ಬೆಲ್ಲ ತಿನ್ನಿಸಿಬುಟ್ಟಿದೀನೋ, ಈ ಹೆಜ್ಜೆ ನೋಡಿ" ಎಂದು ಅಜ್ಜಿ ತನ್ನಷ್ಟಕ್ಕೆ ಗೊಣಗಿದ್ದು ಹತ್ತಿರವಿದ್ದ ನನಗೆ ಮಾತ್ರ ಕೇಳಿಸಿತು.

ಕಂದು ಚಿಪ್ಪಿನೊಳಗಿಂದ ಅರಿಸಿನದ ಮೂಗು ಹೊರಗೆ ಬಂತು. ನನ್ನ ಬಲಗೈಗೆ ಒಂದು ಹನಿ ಬಿತ್ತು. ತಣ್ಣವ್ವ ಸುತ್ತ ನೋಡಿದಳು, ಚುಕ್ಕಪ್ಪ ಇರಲಿಲ್ಲ. ತಟ್ಟೆಯವರೆಗೆ ನಡೆದಳು. ಅಣಬೆಯನ್ನು ಮೂಸಿದಳು. ಬಾಯಿ ತೆರೆದಳು. ಕರಕ್ಕೆಂದು ಕಚ್ಚಿ, ಅಗಿದು, ಕತ್ತು ಚಾಚಿ ನುಂಗಿದಳು. ಇನ್ನೊಂದಕ್ಕೆ ಬಾಯಿ ಹಾಕಿದಳು. ಎಡಗೈಗೆ ಬಿಸಿಲು ಸುಡುತ್ತಿತ್ತು, ಬಲಗೈಗೆ ಮಳೆ ಹನಿಯಾಗಿ, ದಾರವಾಗಿ, ಹಗ್ಗವಾಗಿ ಇಳಿಯತೊಡಗಿತು. ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಆಮೆ ಉಣ್ಣುತ್ತಿತ್ತಲ್ಲ. ಸಾಕವ್ವ ಕೂಡ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಪ್ಪ ಕಿತ್ತಿಟ್ಟ ಎಂಟು ಇಟ್ಟಿಗೆಯ ಪಕ್ಕದಲ್ಲಿ ನಿಂತು ತನ್ನ ಉಸಿರನ್ನು ಎಳೆದೆಳೆದು ನೋಡುತ್ತಿದ್ದ. ಚಿಕ್ಕಮ್ಮನ ಮುಖದಲ್ಲಿ ಮಳೆ ಯಾವುದು ಕಣ್ಣೀರು ಯಾವುದು ತಿಳಿಯಲಿಲ್ಲ. ಈರಜ್ಜಿ ಗೋಡೆಯಿಂದ ಏಳಲಿಲ್ಲ. ಮಳೆ ಜೋರಾದಾಗ ಕೈಯಲ್ಲಿದ್ದ ತವರುಬುಟ್ಟಿಯನ್ನು ಒಮ್ಮೆ ತಿರುಗಿಸಿ ನೋಡಿ, ಬೋರಲು ಮಾಡಿ, ತಲೆಯ ಮೇಲೆ ಹಾಕಿಕೊಂಡು ಕೂತಳು.

ನನಗೆ ಏಳುವ ಹಾಗಿರಲಿಲ್ಲ. ಎದ್ದರೆ ಕಂಡಿ.

"ಯಾರಾದ್ರೂ ಆ ಎಂಟು ಇಟ್ಟಿಗೆ ಇತ್ತ ಕೊಡಿ," ಎಂದೆ, "ಜೊತೆಗೆ ಒಂದು ಬುಟ್ಟಿ ಮಣ್ಣು."

ಆಮೆ ಇನ್ನೂ ಉಣ್ಣುತ್ತಿತ್ತು; ಅಪ್ಪ ಸದ್ದಿಲ್ಲದೆ ಬಗ್ಗಿ ಮೊದಲ ಇಟ್ಟಿಗೆ ಎತ್ತಿದ.